ಟೆಂಟಿನೊಳಗಿನ ಹಾಸಿಗೆ: ದಪ್ಪ ನೋಡಬೇಡಿ, ನೆಲ ನೋಡಿ

ಎಳ್ಳಮಾವಾಸ್ಯೆಯ ಹಿಂದಿನ ರಾತ್ರಿ. ಚಿಂಚೋಳಿ ಕಡೆ ನಮ್ಮ ಅಕ್ಕನ ಹೊಲ. ಬೆಳಗ್ಗೆ ಚರಗ ಚೆಲ್ಲಬೇಕು, ಬಜ್ಜಿ, ಸಜ್ಜೆ ರೊಟ್ಟಿ, ಕಡುಬು ಕಟ್ಟಿಕೊಂಡು ಮಂದಿ ಎಲ್ಲ ಬರುತ್ತಾರೆ. ನಾವು ನಾಲ್ಕು ಜನ ಮಾತ್ರ ಒಂದು ದಿನ ಮೊದಲೇ ಹೋಗಿ ಟೆಂಟ್ ಹಾಕಿಕೊಂಡು ಅಲ್ಲೇ ಮಲಗುವುದು ಅಂತ ಮಾತಾಗಿತ್ತು. ನಾನು ಹೊಸದಾಗಿ ಕೊಂಡ ಏರ್ ಬೆಡ್ ತಂದಿದ್ದೆ. 25 ಸೆಂಟಿಮೀಟರ್ ದಪ್ಪ, ಮೇಲೆ ಮಖಮಲ್ ಹೊದಿಕೆ. ಸಂಜೆ ನಾಲ್ಕರ ಬಿಸಿಲಲ್ಲಿ ಕಾಲಿನ ಪಂಪ್ ತುಳಿದು ತುಳಿದು, ಬೆರಳಲ್ಲಿ ಬಡಿದರೆ ಡೊಳ್ಳಿನ ಹಾಗೆ ಸದ್ದು ಬರುವಷ್ಟು ಗಾಳಿ ತುಂಬಿದೆ. ಅಕ್ಕನ ಮಗ ನೋಡಿ ನಕ್ಕ. 'ಮಾಮಾ, ಇದು ಹೊಲದಾಗ ಹಾಸೋದಲ್ಲ, ಮದುವಿ ಮನ್ಯಾಗ ಹಾಸೋದು.'

ರಾತ್ರಿ ಮೂರಕ್ಕೆ ಎಚ್ಚರವಾಯಿತು. ಹಾಸಿಗೆ ಮೆತ್ತಗಾಗಿ ಸೊಂಟ ನೆಲಕ್ಕೆ ತಾಗುತ್ತಿತ್ತು. ಎರೆ ಮಣ್ಣಿನ ಹೆಂಟೆಯೊಂದು ಸರಿಯಾಗಿ ಕೀಲಿಗೇ ಒತ್ತುತ್ತಿತ್ತು. ಮೇಲೆ ಎರಡು ಕಂಬಳಿ ಇದ್ದವು, ಆದರೂ ಬೆನ್ನು ಮಂಜುಗಡ್ಡೆ. ಆಚೆ ಬಣವೆಯ ಮಗ್ಗುಲಲ್ಲಿ ಅಕ್ಕನ ಮಾವ ಮಲಗಿದ್ದರು. ಕೆಳಗೆ ಹೋದ ವರ್ಷದ ಜೋಳದ ಕಣಿಕೆ, ಅದರ ಮೇಲೆ ಗುಡಾರ ಅನ್ನುವ ದಪ್ಪ ಹಾಸು, ಅದರ ಮೇಲೆ ಕೌದಿ. ಎಪ್ಪತ್ತು ದಾಟಿದ ಮನುಷ್ಯ, ಅವರ ಗೊರಕೆ ನನ್ನ ಟೆಂಟಿನವರೆಗೂ ಕೇಳುತ್ತಿತ್ತು.

ಪಂಕ್ಚರ್ ಆಗಿರೋ ಮಾಲು ಕೊಟ್ಟಿದ್ದಾನೆ ಅಂತ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದುಕೊಂಡು ಬೆಳಗು ಮಾಡಿದೆ. ಒಂಬತ್ತೂವರೆಗೆ ಟೆಂಟಿನ ಮೇಲೆ ಬಿಸಿಲು ಬಿತ್ತು. ಹೋಗಿ ನೋಡುತ್ತೇನೆ, ಹಾಸಿಗೆ ತಾನಾಗಿಯೇ ಉಬ್ಬಿ ನಿಂತಿದೆ. ತೂತೇ ಇರಲಿಲ್ಲ. ತಪ್ಪು ನನ್ನದು, ತಿಳಿಯದೆ ಕೊಂಡಿದ್ದೆ, ತಿಳಿಯದೆ ಗಾಳಿ ತುಂಬಿದ್ದೆ. ಆಮೇಲೆ ನಾಲ್ಕೈದು ತರಹದ ಹಾಸಿಗೆಗಳಲ್ಲಿ ಮಲಗಿ ಎದ್ದು ಕಲಿತದ್ದು ಇಲ್ಲಿದೆ.

1. ಮೊದಲು ಎಲ್ಲಿ ಮಲಗುತ್ತೀರಿ ಅಂತ ತೀರ್ಮಾನಿಸಿ

ಅಂಗಡಿಗೆ ಹೋಗುವ ಮೊದಲೇ ಇದು ಆಗಬೇಕು. ನಮ್ಮ ಮೂರು ಜಿಲ್ಲೆಗಳಲ್ಲೇ ನೆಲ ಮೂರು ತರಹ.

ಕಲಬುರಗಿ ಕಡೆ ಎರೆ ಭೂಮಿ. ಒಣಗಿದಾಗ ಬಿರುಕು, ಹೆಂಟೆ. ಒಂದು ಮಳೆ ಬಿದ್ದರೆ ಅಂಟು. ಮಲಗಲು ಮೆತ್ತಗಿರುತ್ತದೆ ಅಂದುಕೊಳ್ಳಬೇಡಿ, ಒಣಗಿದ ಹೆಂಟೆ ಕಲ್ಲಿಗಿಂತ ಕಡಿಮೆ ಇಲ್ಲ. ಅದಕ್ಕಿಂತ ಅಪಾಯ ತೊಗರಿಯ ಕೂಳೆ. ಕುಡುಗೋಲಿನಿಂದ ಓರೆಯಾಗಿ ಕೊಯ್ದಿರುತ್ತಾರೆ, ತುದಿ ಚೂಪು ಮಾಡಿದ ಪೆನ್ಸಿಲ್ ಹಾಗಿರುತ್ತದೆ. ಟೆಂಟಿನ ತಳ, ಹಾಸಿಗೆ ಎರಡನ್ನೂ ಒಂದೇ ಏಟಿಗೆ ಚುಚ್ಚುತ್ತದೆ. ಕೊಯ್ದ ತೊಗರಿ ಹೊಲದಲ್ಲಿ ಗಾಳಿ ತುಂಬುವ ಹಾಸಿಗೆ ಹಾಸುವ ಆಸೆಯನ್ನೇ ಬಿಟ್ಟುಬಿಡಿ.

ಬೀದರ್ ಕಡೆ ಕೆಂಪು ಜಂಬಿಟ್ಟಿಗೆ ಕಲ್ಲಿನ ನಾಡು. ನೆಲ ಸಮ ಇರುತ್ತದೆ, ಆದರೆ ಗಟ್ಟಿ, ಮೇಲೆ ಸಣ್ಣ ಗರಸು. ಈ ಗರಸು ಒಂದೇ ರಾತ್ರಿಗೆ ಚುಚ್ಚುವುದಿಲ್ಲ, ಹೊರಳಿದ ಹಾಗೆಲ್ಲ ಉಜ್ಜಿ ಉಜ್ಜಿ ಬಟ್ಟೆಯನ್ನು ಸವೆಸುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಗ್ರಾನೈಟ್ ಬಂಡೆ. ಬಂಡೆಯ ಮೇಲೆ ಮುಳ್ಳು ಕಡಿಮೆ, ಆದರೆ ಅದು ಕಾದರೂ ಕಷ್ಟ, ತಣ್ಣಗಾದರೂ ಕಷ್ಟ. ಶಹಾಬಾದ್ ಫರ್ಸಿ ಹಾಸಿದ ತೋಟದ ಮನೆ ಅಂಗಳದಲ್ಲಿ ಮಲಗುವವರಿಗೆ ಇನ್ನೊಂದು ತೊಂದರೆ. ನುಣುಪು ಕಲ್ಲಿನ ಮೇಲೆ ಪ್ಯಾಡ್, ಅಂದರೆ ಟೆಂಟಿನಲ್ಲಿ ಹಾಸುವ ತೆಳು ಹಾಸಿಗೆ, ಜಾರುತ್ತದೆ. ರಾತ್ರಿ ತುಳಸಿಕಟ್ಟೆ ಹತ್ತಿರ ಮಲಗಿದವನು ಬೆಳಗ್ಗೆ ಬಾಗಿಲ ಹತ್ತಿರ ಇರುತ್ತಾನೆ. ಕೆಳಗೊಂದು ಜಮಖಾನ ಹಾಕಿದರೆ ಸಾಕು, ನಿಲ್ಲುತ್ತದೆ.

ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿ ಧಾಮ. ಅಲ್ಲಿ ಕಂಡ ಕಂಡಲ್ಲಿ ಟೆಂಟ್ ಹೊಡೆಯುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಸಿಗೆಗಿಂತ ಮೊದಲು ಅದನ್ನು ಕೇಳಿಕೊಳ್ಳಿ.

2. ಚಳಿ ಮೇಲಿನಿಂದಲ್ಲ, ಕೆಳಗಿನಿಂದ ಬರುತ್ತದೆ

ಬಹಳ ಜನ ತಪ್ಪುವುದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮನ್ನು ಬೆಚ್ಚಗಿಡುವುದು ಕಂಬಳಿಯ ಉಣ್ಣೆಯಷ್ಟೇ ಅಲ್ಲ, ಆ ಉಣ್ಣೆಯೊಳಗೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ. ಮೈ ಕೆಳಗೆ ಸಿಕ್ಕ ಕಂಬಳಿ ಒತ್ತಿ ಚಪ್ಪಟೆಯಾಗುತ್ತದೆ, ಅದರಲ್ಲಿ ಗಾಳಿ ಉಳಿಯುವುದಿಲ್ಲ. ಹಾಗಾಗಿ ಮೇಲೆ ಎಷ್ಟು ಹೊದ್ದರೂ ಬೆನ್ನಿನ ಚಳಿ ಹೋಗುವುದಿಲ್ಲ.

ಹಾಗಾದರೆ ಏರ್ ಬೆಡ್ ತುಂಬ ಗಾಳಿಯೇ ಇದೆಯಲ್ಲ, ಅಂತ ನೀವು ಕೇಳಬಹುದು. ಇದೆ, ಆದರೆ ಅದು ಸುಮ್ನೆ ನಿಲ್ಲುವ ಗಾಳಿಯಲ್ಲ. ನನ್ನ ಹಾಸಿಗೆಯಲ್ಲಿ ಲೆಕ್ಕ ಹಾಕಿದರೆ ಸುಮಾರು 400 ಲೀಟರ್ ಗಾಳಿ, ಅಂದರೆ ಎರಡು ದೊಡ್ಡ ಡ್ರಮ್ಮಿನಷ್ಟು. ಒಳಗೆ ಹತ್ತಿ ಇಲ್ಲ, ಫೋಮ್ ಇಲ್ಲ. ನಾನು ಹೊರಳಿದಾಗಲೆಲ್ಲ ಗಾಳಿ ಆಚೆ ಈಚೆ ಆಡುತ್ತದೆ, ಬದಿಗಳಿಂದ, ತಳದಿಂದ ತಣ್ಣಗಾಗುತ್ತದೆ, ಮತ್ತೆ ನನ್ನ ಬೆನ್ನಿನ ಹತ್ತಿರ ಬರುತ್ತದೆ. ಅದನ್ನು ಬೆಚ್ಚಗೆ ಮಾಡುವ ಕೆಲಸ ರಾತ್ರಿಯೆಲ್ಲ ನನ್ನ ಮೈಯದು. ಮಾವನ ಕಣಿಕೆಯಲ್ಲಿ ಗಾಳಿ ದಂಟು ದಂಟಿನ ನಡುವೆ ಸಿಕ್ಕಿಕೊಂಡು ಕೂತಿತ್ತು. ಅವರು ದುಡ್ಡಿಲ್ಲದೆ ಪಡೆದದ್ದನ್ನು ನಾನು ದುಡ್ಡು ಕೊಟ್ಟೂ ಪಡೆದಿರಲಿಲ್ಲ.

ಈ ಗುಣವನ್ನು ಅಳೆಯಲು ಒಂದು ಅಂಕಿ ಇದೆ, ಆರ್-ವ್ಯಾಲ್ಯೂ. ಶಾಖ ಹಾಸಿಗೆಯನ್ನು ದಾಟಿ ನೆಲಕ್ಕೆ ಹೋಗದಂತೆ ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ. ಅಂಕಿ ಜಾಸ್ತಿ ಆದಷ್ಟೂ ಬೆಚ್ಚಗೆ. ಮೊದಲೆಲ್ಲ ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಅನ್ನುವ ಒಂದೇ ಮಾನದಂಡ ಬಂತು. ಮೇಲೊಂದು ಬಿಸಿ ತಟ್ಟೆ, ಕೆಳಗೊಂದು ತಣ್ಣನೆ ತಟ್ಟೆ, ನಡುವೆ ಗಾಳಿ ತುಂಬಿದ ಪ್ಯಾಡ್ ಇಟ್ಟು ಅಳೆಯುತ್ತಾರೆ. ಹಾಗಾಗಿ ಈಗ ಪೊಟ್ಟಣದ ಮೇಲೆ ಈ ಹೆಸರಿದ್ದರೆ ಎರಡು ಕಂಪನಿಗಳ ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಮನೆಯಲ್ಲಿ ಅತಿಥಿಗಳಿಗೆ ಹಾಸುವ ದಪ್ಪ ಏರ್ ಬೆಡ್‌ಗಳ ಮೇಲೆ ಸಾಮಾನ್ಯವಾಗಿ ಆರ್-ವ್ಯಾಲ್ಯೂ ಬರೆದೇ ಇರುವುದಿಲ್ಲ. ಒಳಗೆ ಏನೂ ಇಲ್ಲದಿದ್ದರೆ ಅದು 1ರ ಆಸುಪಾಸು ಅಂತಲೇ ತಿಳಿಯಿರಿ.

ನಮ್ಮ ಕಡೆಗೆ ಎಷ್ಟು ಬೇಕು? ಬೀದರ್ ಸಮುದ್ರಮಟ್ಟದಿಂದ 2,000 ಅಡಿಗೂ ಮೇಲಿದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವ ದಿನಗಳು ಅಲ್ಲಿ ಹೊಸದಲ್ಲ. ಆಗ 3ರ ಹತ್ತಿರದ್ದು ಇರಲಿ. ಕಲಬುರಗಿ, ಯಾದಗಿರಿಯಲ್ಲಿ ಶಿವರಾತ್ರಿ ಕಳೆದ ಮೇಲೆ ಹೋಗುವುದಾದರೆ ಒಂದೂವರೆ, ಎರಡು ಧಾರಾಳ ಸಾಕು. 5, 6 ಅನ್ನುವ ಅಂಕಿಗೆ ದುಡ್ಡು ಸುರಿಯುವುದು ಹಿಮಾಲಯಕ್ಕೆ ಹೋಗುವವರ ಕೆಲಸ.

ಇನ್ನೊಂದು ಒಳ್ಳೆ ಸುದ್ದಿ. ಈ ಅಂಕಿಗಳನ್ನು ಕೂಡಿಸಬಹುದು. 2ರ ಫೋಮ್ ಚಾಪೆಯ ಮೇಲೆ 2ರ ಪ್ಯಾಡ್ ಹಾಕಿದರೆ ಹೆಚ್ಚುಕಡಿಮೆ 4. ಕೌದಿಗೆ ಇಲ್ಲಿಯವರೆಗೆ ಯಾರೂ ಆರ್-ವ್ಯಾಲ್ಯೂ ಬರೆದಿಲ್ಲ, ಆದರೆ ನಾಲ್ಕು ಮಡಿಕೆ ಮಾಡಿ ಏರ್ ಬೆಡ್ ಮೇಲೆ ಹಾಸಿ ನೋಡಿ, ಬೆನ್ನಿಗೇ ಗೊತ್ತಾಗುತ್ತದೆ.

3. ಜಾತಿ ಮೂರು, ಒಂದನ್ನು ಆರಿಸಿ

ಫೋಮ್ ಚಾಪೆ: ಸುರುಳಿ ಸುತ್ತುವುದು ಅಥವಾ ಮಡಚುವುದು. ಸುಮಾರು 1ರಿಂದ 2 ಸೆಂಟಿಮೀಟರ್ ದಪ್ಪ, ತೂಕ ಅರ್ಧ ಕಿಲೋ ಆಸುಪಾಸು, ಒಳ್ಳೆಯದಾದರೆ ಆರ್-ವ್ಯಾಲ್ಯೂ 2. ಪಂಕ್ಚರ್ ಅನ್ನುವ ಮಾತೇ ಇಲ್ಲ. ಜಾಲಿ ಮುಳ್ಳು ನೆಟ್ಟರೂ ಕಿತ್ತು ಬಿಸಾಕಿ ಮಲಗಬಹುದು. ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವವರಿಗೆ ಹೇಳಿ ಮಾಡಿಸಿದ್ದು. ಒಂದೇ ಕೊರತೆ, ಅದು ಮೆತ್ತಗಿಲ್ಲ. ಇಪ್ಪತ್ತರ ಹುಡುಗರಿಗೆ ಸರಿ, ನಲವತ್ತು ದಾಟಿದ ಸೊಂಟಕ್ಕೆ ಅಷ್ಟಕ್ಕಷ್ಟೇ.

ತಾನೇ ಉಬ್ಬುವ ಪ್ಯಾಡ್: ಹೊರಗೆ ಗಾಳಿ ಬಿಡದ ಬಟ್ಟೆ, ಒಳಗೆ ಸ್ಪಂಜಿನಂಥ ಫೋಮ್. ವಾಲ್ವ್ ತಿರುಗಿಸಿ ಬಿಟ್ಟರೆ ಒಳಗಿನ ಸ್ಪಂಜು ಅರಳುತ್ತಾ ಗಾಳಿ ಎಳೆದುಕೊಳ್ಳುತ್ತದೆ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ, ಬೋಯಿಂಗ್ ವಿಮಾನ ಕಂಪನಿಯಲ್ಲಿ ಕೆಲಸ ಮಾಡಿದ್ದ ಇಂಜಿನಿಯರ್‌ಗಳು ಕಂಡುಕೊಂಡ ಉಪಾಯ ಇದು. ಥರ್ಮ್-ಎ-ರೆಸ್ಟ್ ಅನ್ನುವ ಹೆಸರು ಹುಟ್ಟಿದ್ದು ಆಗಲೇ. 'ತಾನೇ ಉಬ್ಬುತ್ತದೆ' ಅನ್ನುವುದನ್ನು ಪೂರ್ತಿ ನಂಬಬೇಡಿ, ಕೊನೆಗೆ ಸ್ವಲ್ಪ ಗಾಳಿ ನೀವೇ ಕೊಡಬೇಕಾಗುತ್ತದೆ. ಆದರೆ ಈ ಸ್ಪಂಜೇ ನಾನು ಮೇಲೆ ಹೇಳಿದ 'ಅಲುಗಾಡದ ಗಾಳಿ'. ಕಾರಿನಲ್ಲಿ ಹೋಗುವ ಮನೆಮಂದಿಗೆ ನನ್ನ ಓಟು 5 ಸೆಂಟಿಮೀಟರ್‌ನ ಈ ಪ್ಯಾಡಿಗೇ. ರಾತ್ರಿ ಗಾಳಿ ಹೋದರೂ ಸ್ಪಂಜು ಇರುತ್ತದಲ್ವಾ, ಪೂರ್ತಿ ನೆಲಕ್ಕೆ ಬೀಳುವುದಿಲ್ಲ.

ಗಾಳಿ ತುಂಬುವುದು: ಇದರಲ್ಲಿ ಎರಡು ಒಳಜಾತಿ. ಒಂದು, ನನ್ನಂಥವರು ಮೋಸ ಹೋಗುವ, ಪಿವಿಸಿ ಪ್ಲಾಸ್ಟಿಕ್ಕಿನ ದಪ್ಪ ಬೆಡ್. ಇನ್ನೊಂದು, ಚಾರಣದವರು ಒಯ್ಯುವ 6ರಿಂದ 10 ಸೆಂಟಿಮೀಟರ್‌ನ ಹಗುರ ಪ್ಯಾಡ್. ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಗೆ ಟಿಪಿಯು ಅನ್ನುವ, ಗಾಳಿ ಬಿಡದ ಪ್ಲಾಸ್ಟಿಕ್ಕಿನ ಲೇಪ ಇರುತ್ತದೆ, ಮಡಚಿದರೆ ನೀರಿನ ಬಾಟಲಿಯಷ್ಟು ಆಗುತ್ತದೆ. ಹಿಡಿಯುವ ಗಾಳಿ ನಾಲ್ಕು ಕೊಡ ನೀರಿನಷ್ಟು, ಅಷ್ಟೇ. ಆರಾಮ ಜಾಸ್ತಿ, ಆದರೆ ಬಟ್ಟೆ ತೆಳು, ಮುಳ್ಳಿಗೆ ಹೆದರಬೇಕು. ಕೆಲವು ಪ್ಯಾಡ್ ಹೊರಳಿದಾಗ ಚಿಪ್ಸ್ ಪ್ಯಾಕೆಟ್ ಹಿಸುಕಿದ ಹಾಗೆ ಪರಪರ ಅನ್ನುತ್ತವೆ. ಅಂಗಡಿಯಲ್ಲೇ ಮಲಗಿ ಒಮ್ಮೆ ಮಗ್ಗುಲು ಬದಲಿಸಿ ಕೇಳಿಸಿಕೊಳ್ಳಿ. ಅಂಗಡಿಯವನು ನಕ್ಕರೆ ನಗಲಿ.

ಕ್ಯಾಂಪಿಂಗ್ ಮಂಚ ಅಂತ ಮಡಚುವ ಕಬ್ಬಿಣದ ಹೊರಸೂ ಸಿಗುತ್ತದೆ. ಬೇಸಿಗೆಗೆ, ಚೇಳಿನ ಭಯ ಇರುವಲ್ಲಿಗೆ ಒಳ್ಳೆಯದೇ. ಚಳಿಗಾಲದಲ್ಲಿ ಮಾತ್ರ ಕೆಳಗಿನಿಂದ ಗಾಳಿ ಬೀಸಿ ನಡುಗಿಸುತ್ತದೆ, ಅದರ ಮೇಲೂ ಫೋಮ್ ಬೇಕು.

4. ನೀವು ಹೇಗೆ ಮಲಗುತ್ತೀರಿ?

ಶಹಾಪುರದ ಗುಡ್ಡದಲ್ಲಿ ಮಲಗಿದ ಬುದ್ಧನನ್ನು ನೋಡಿದ್ದೀರಲ್ಲ, ಮುಖ ಆಕಾಶಕ್ಕೆ ಮಾಡಿ ಅಂಗಾತ. ಹಾಗೆ ಮಲಗುವವರಿಗೆ ಮೈಭಾರ ಎಲ್ಲ ಕಡೆ ಹಂಚಿ ಹೋಗುತ್ತದೆ, 4 ಸೆಂಟಿಮೀಟರ್ ಇದ್ದರೂ ನಡೆಯುತ್ತದೆ. ಮಗ್ಗುಲಾಗಿ ಮಲಗುವವರ ಭಾರವೆಲ್ಲ ಭುಜ, ಸೊಂಟ ಎರಡೇ ಕಡೆ ಬೀಳುತ್ತದೆ. ಅವರಿಗೆ 6, 7 ಸೆಂಟಿಮೀಟರ್ ಬೇಕೇ ಬೇಕು. ಅಳತೆಯೂ ನೋಡಿ. ಸಾಮಾನ್ಯ ಪ್ಯಾಡ್ 183 ಸೆಂಟಿಮೀಟರ್ ಉದ್ದ, 51 ಅಗಲ. ಆರಡಿ ಆಳಿಗೆ ಹಿಮ್ಮಡಿ ಹೊರಗೆ, ಸ್ವಲ್ಪ ದಪ್ಪ ಇದ್ದವರಿಗೆ ಮೊಣಕೈ ಹೊರಗೆ. 64 ಸೆಂಟಿಮೀಟರ್ ಅಗಲದ್ದು ಸಿಕ್ಕರೆ ಬಿಡಬೇಡಿ.

ಗಂಡ ಹೆಂಡತಿ ಹೋಗುವುದಾದರೆ ಡಬಲ್ ಏರ್ ಬೆಡ್‌ಗಿಂತ ಎರಡು ಸಿಂಗಲ್ ಪ್ಯಾಡ್ ಒಳ್ಳೆಯದು. ಡಬಲ್‌ನಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ದೋಣಿಯಲ್ಲಿದ್ದ ಹಾಗೆ ತೂಗಾಡುತ್ತಾರೆ. ಹಸುಗೂಸನ್ನು ಮಾತ್ರ ಗಾಳಿ ಹಾಸಿಗೆಯ ಮೇಲೆ ಮಲಗಿಸಲೇಬೇಡಿ. ಮೆತ್ತಗಿನ ಮೇಲ್ಮೈಯಲ್ಲಿ ಮಗುವಿನ ಮುಖ ಹೂತು ಉಸಿರು ಕಟ್ಟುವ ಅಪಾಯ ಇದೆ. 15 ತಿಂಗಳೊಳಗಿನ ಮಕ್ಕಳಿಗೆ ಏರ್ ಬೆಡ್ ಬೇಡವೇ ಬೇಡ ಅಂತ ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗವೂ ಎಚ್ಚರಿಸಿದೆ.

5. ಟೆಂಟ್ ಅಳೆಯಿರಿ

ಚಿಕ್ಕ ವಿಷಯ, ಆದರೆ ಮರೆತೇ ಹೋಗುತ್ತದೆ. ಇಬ್ಬರ ಟೆಂಟಿನ ತಳ ಸಾಮಾನ್ಯವಾಗಿ 130ರಿಂದ 150 ಸೆಂಟಿಮೀಟರ್ ಅಗಲ. ಸಿಂಗಲ್ ಏರ್ ಬೆಡ್ ಒಂದೇ 99 ಸೆಂಟಿಮೀಟರ್. ಎರಡು ಹಿಡಿಸುವುದಿಲ್ಲ. ಒಂದು ಹಿಡಿಸಿದರೂ ಅಂಚು ಟೆಂಟಿನ ಗೋಡೆಗೆ ತಾಗಿ ಇಬ್ಬನಿಯೆಲ್ಲ ಹೊದಿಕೆಗೆ ಇಳಿಯುತ್ತದೆ.

6. ಮಾಳಿಗೆ ಮೇಲೆ ಒಂದು ರಾತ್ರಿ

ಕೊಂಡು ತಂದ ತಕ್ಷಣ ಕಾಡಿಗೆ ಒಯ್ಯಬೇಡಿ. ಮಾಳಿಗೆ ಮೇಲೆ ಹಾಸಿ ಒಂದು ರಾತ್ರಿ ಪೂರ್ತಿ ಮಲಗಿ. ತೂತು ಇದ್ದರೆ ಅಲ್ಲೇ ಗೊತ್ತಾಗುತ್ತದೆ, ಬಿಲ್ಲೂ ಕೈಯಲ್ಲೇ ಇರುತ್ತದೆ. ಪಿವಿಸಿ ಹಾಸಿಗೆಯಾದರೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಹೊಸ ಪಿವಿಸಿ ಗಾಳಿ ತುಂಬಿದ ಮೊದಲ ಒಂದೆರಡು ದಿನ ಹಿಗ್ಗುತ್ತದೆ. ಹಿಗ್ಗಿದಾಗ ಮೆತ್ತಗಾಗುತ್ತದೆ, ನಾವು ಗಾಳಿ ಸೋರುತ್ತಿದೆ ಅಂದುಕೊಳ್ಳುತ್ತೇವೆ. ಮನೆಯಲ್ಲೇ ಒಂದು ದಿನ ತುಂಬಿಟ್ಟು, ಮತ್ತೆ ಸ್ವಲ್ಪ ತುಂಬಿದರೆ ಆ ಕಾಟ ಅಲ್ಲಿಗೇ ಮುಗಿಯುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯವರು ಹೇಗೂ ಮಾಳಿಗೆ ಮೇಲೇ ಮಲಗುವವರು. ಹಗಲು ನಲವತ್ತು ಡಿಗ್ರಿ ದಾಟಿ ಕಾದ ಕಾಂಕ್ರೀಟು ನಡುರಾತ್ರಿಯವರೆಗೂ ಕೆಂಡದ ಹಾಗೆ ಬೆನ್ನು ಸುಡುತ್ತದೆ. ಎಷ್ಟು ಕೊಡ ನೀರು ಸುರಿದರೂ ಅಷ್ಟೇ. ಆಗ ಇದೇ ಪ್ಯಾಡನ್ನು ಹಾಸಿ ನೋಡಿ. ಶಾಖ ಕೆಳಗೆ ಹೋಗದಂತೆ ತಡೆಯುವ ವಸ್ತು ಮೇಲೆ ಬರದಂತೆಯೂ ತಡೆಯುತ್ತದೆ. ನಮ್ಮ ಮನೆಯಲ್ಲಿ ಫೋಮ್ ಚಾಪೆ ಕಾಡಿಗೆ ಹೋಗಿದ್ದಕ್ಕಿಂತ ಮಾಳಿಗೆಗೆ ಹತ್ತಿದ್ದೇ ಜಾಸ್ತಿ. ಬೆವರಿಗೆ ಮೇಲೊಂದು ಹತ್ತಿ ಬಟ್ಟೆ ಇರಲಿ, ಪ್ಲಾಸ್ಟಿಕ್ ಮೈಗೆ ಅಂಟುತ್ತದೆ.

7. ಗಾಳಿ ಯಾವಾಗ, ಎಷ್ಟು

ನನ್ನ ಎಳ್ಳಮಾವಾಸ್ಯೆಯ ಗುಟ್ಟು ಇಲ್ಲಿದೆ. ಗಾಳಿ ತಣ್ಣಗಾದರೆ ಕುಗ್ಗುತ್ತದೆ. ನಮ್ಮ ಹವೆಯಲ್ಲಿ ಸುಮಾರು 3 ಡಿಗ್ರಿ ಇಳಿದರೆ ನೂರಕ್ಕೆ ಒಂದರಷ್ಟು ಕಡಿಮೆ ಅಂತ ಲೆಕ್ಕ ಇಟ್ಟುಕೊಳ್ಳಿ. ಬಿಸಿಲಲ್ಲಿ 35 ಡಿಗ್ರಿಯಲ್ಲಿ ತುಂಬಿದ ಹಾಸಿಗೆ ಬೆಳಗಿನ ಜಾವ 14 ಡಿಗ್ರಿಗೆ ಬಂದರೆ ನೂರಕ್ಕೆ ಏಳರಷ್ಟು ಹೋಯಿತು. ಅದರ ಮೇಲೆ ಹೊಸ ಪಿವಿಸಿಯ ಹಿಗ್ಗುವಿಕೆ ಬೇರೆ. ಹಾಗಾಗಿ ಸಂಜೆ ಒಮ್ಮೆ ತುಂಬಿ, ಊಟ ಮುಗಿದು ಮಲಗುವ ಹೊತ್ತಿಗೆ ಇನ್ನೊಮ್ಮೆ ನಾಲ್ಕು ಸಲ ಪಂಪ್ ಒತ್ತಿ. ಬೆಳಗ್ಗೆ ಎದ್ದ ಕೂಡಲೇ ಸ್ವಲ್ಪ ಗಾಳಿ ಬಿಡಿ. ಬಿಗಿ ಹಾಸಿಗೆಯನ್ನು ಬಿಸಿಲಿನ ಟೆಂಟಿನಲ್ಲಿ ಬಿಟ್ಟು ಹೋದರೆ ಉಬ್ಬಿ ಒಳಗಿನ ಹೊಲಿಗೆ ಕಿತ್ತು ಬರುತ್ತದೆ, ಆಮೇಲೆ ಒಂದು ಕಡೆ ಒಂಟೆಯ ಡುಬ್ಬ.

ಎಷ್ಟು ಬಿಗಿ ಇರಬೇಕು? ಮೊದಲು ಪೂರ್ತಿ ತುಂಬಿ. ಮಗ್ಗುಲಾಗಿ ಮಲಗಿ. ವಾಲ್ವ್ ಮೆಲ್ಲಗೆ ಒತ್ತಿ ಗಾಳಿ ಬಿಡುತ್ತಾ ಹೋಗಿ. ಸೊಂಟ ಇಳಿಯುತ್ತದೆ, ಭುಜ ಇಳಿಯುತ್ತದೆ, ಬೆನ್ನು ನೆಟ್ಟಗಾಗುತ್ತದೆ. ಈಗ ಯಾರಾದರೂ ಸೊಂಟದ ಕೆಳಗೆ, ಪ್ಯಾಡ್ ಮತ್ತು ನೆಲದ ನಡುವೆ ಕೈ ತೂರಿಸಲಿ. ನಿಮ್ಮ ಮೂಳೆ ಅವರ ಕೈಗೆ ಒತ್ತಿದರೆ ಗಾಳಿ ಕಮ್ಮಿ ಆಗಿದೆ. ಡೊಳ್ಳಿನ ಬಿಗಿ ನೋಡಲು ಚೆಂದ, ಮಲಗಲು ಅಲ್ಲ.

ಬಾಯಿಂದ ಊದುವುದು ಬೇಡ. ತಲೆ ಸುತ್ತುವುದು ಒಂದು ಕಡೆ, ಉಸಿರಿನ ತೇವ ಒಳಗೆ ಹೋಗಿ ಬೂಸ್ಟು ಹಿಡಿಯುತ್ತದೆ. ಕಾಲಿನ ಪಂಪ್ ಸಾಕು. ಕಾರಿನ 12 ವೋಲ್ಟ್ ಸಾಕೆಟ್‌ಗೆ ಹಾಕುವ ಪಂಪೂ ನಡೆಯುತ್ತದೆ, ಆದರೆ ಅದರ ಸದ್ದಿಗೆ ಕೆರೆಯ ಹಕ್ಕಿಯೆಲ್ಲ ಎದ್ದು ಹೋಗುತ್ತವೆ.

8. ಮುಳ್ಳು ಮತ್ತು ಪಂಕ್ಚರ್

ಮೊದಲು ಅಂಗೈಯಿಂದ ನೆಲ ಸವರಿ. ಕಣ್ಣಿಗೆ ಕಾಣದ ನೆಗ್ಗಿನ ಮುಳ್ಳು ಕೈಗೆ ಸಿಗುತ್ತದೆ. ಆಮೇಲೆ ತಾಡಪತ್ರಿ, ಅದರ ಮೇಲೆ ಟೆಂಟ್, ಒಳಗೆ ಫೋಮ್ ಚಾಪೆ ಅಥವಾ ಗುಡಾರ, ಅದರ ಮೇಲೆ ತೆಳು ಪ್ಯಾಡ್. ದಪ್ಪ ಏರ್ ಬೆಡ್ ಆದರೆ ಮಾತ್ರ ಚಳಿಗಾಲದಲ್ಲಿ ಫೋಮ್ ಮೇಲೆ ಬರಲಿ, ಗುಡಾರ ಕೆಳಗೆ. ಟೆಂಟಿನೊಳಗೆ ಚಪ್ಪಲಿ ಹಾಕಿಕೊಂಡು ಬರುವವರನ್ನು ಬಾಗಿಲಲ್ಲೇ ತಡೆಯಿರಿ. ಮುಳ್ಳು ಬರುವುದು ನೆಲದಿಂದಷ್ಟೇ ಅಲ್ಲ, ಚಪ್ಪಲಿಯ ತಳದಿಂದಲೂ.

ಒಮ್ಮೆ ನನ್ನ ಏರ್ ಬೆಡ್ಡಿಗೂ ಹಾಗೇ ಆಯಿತು. ಊರಿಗೆ ಬಂದು ಸೀದಾ ಸೈಕಲ್ ಪಂಕ್ಚರ್ ಅಂಗಡಿಗೆ ಒಯ್ದೆ. ಅವರು ಉಜ್ಜಿ, ಸೊಲ್ಯೂಷನ್ ಹಚ್ಚಿ, ರಬ್ಬರ್ ತುಂಡು ಕೂರಿಸಿ, ಹತ್ತು ರೂಪಾಯಿ ತೊಗೊಂಡು ಕಳಿಸಿದರು. ಎರಡೇ ದಿನಕ್ಕೆ ತೇಪೆ ಹಪ್ಪಳದಂತೆ ಎದ್ದು ಬಂತು. ಅವರ ತಪ್ಪಲ್ಲ. ಸೈಕಲ್ ಟ್ಯೂಬಿನ ಸೊಲ್ಯೂಷನ್ ಇರುವುದು ರಬ್ಬರಿಗೆ. ಪಿವಿಸಿಗೆ ಪಿವಿಸಿಯ ಅಂಟೇ ಬೇಕು, ಟಿಪಿಯು ಬಟ್ಟೆಗೆ ಅದರ ತೇಪೆಯೇ ಬೇಕು. ಹಾಸಿಗೆಯ ಜೊತೆ ಬರುವ ಚಿಕ್ಕ ರಿಪೇರಿ ಪೊಟ್ಟಣವನ್ನು ಡಬ್ಬಿಯ ಜೊತೆ ಬಿಸಾಕಬೇಡಿ.

ತೂತು ಹುಡುಕಲು ಸೋಪಿನ ನೀರು ಸಾಕು. ಗಾಳಿ ಬಿಗಿಯಾಗಿ ತುಂಬಿ, ಸ್ಪಂಜಿನಿಂದ ನೊರೆ ಸವರುತ್ತಾ ಬನ್ನಿ. ವಾಲ್ವಿನ ಸುತ್ತ ಮೊದಲು ನೋಡಿ, ಬಹಳ ಸಲ ಕಳ್ಳ ಅಲ್ಲೇ ಇರುತ್ತಾನೆ. ಗುಳ್ಳೆ ಎದ್ದಲ್ಲಿ ಪೆನ್ನಿನಿಂದ ಸುತ್ತು ಹಾಕಿ, ಒಣಗಿಸಿ, ಸ್ಪಿರಿಟ್ ಹಚ್ಚಿ ಒರೆಸಿ, ಗಾಳಿ ಪೂರ್ತಿ ತೆಗೆದು ತೇಪೆ ಹಚ್ಚಿ, ಮೇಲೆ ರೊಟ್ಟಿ ಬಡಿಯುವ ಕೊಣಮಿಗೆಯಂಥ ಭಾರದ್ದು ಏನಾದರೂ ಇಟ್ಟು ರಾತ್ರಿಯೆಲ್ಲ ಬಿಡಿ.

ಮನೆಗೆ ಬಂದ ಮೇಲೆ ನೆರಳಲ್ಲಿ ಒಣಗಿಸಿ. ತಾನೇ ಉಬ್ಬುವ ಪ್ಯಾಡನ್ನು ಸುತ್ತಿ ಕಟ್ಟಿ ಇಡಬಾರದು, ಒಳಗಿನ ಸ್ಪಂಜು ಒತ್ತಿ ಒತ್ತಿ ಅರಳುವುದನ್ನೇ ಮರೆಯುತ್ತದೆ. ವಾಲ್ವ್ ತೆರೆದು ಮಂಚದ ಕೆಳಗೆ ಬಿಚ್ಚಿ ಹಾಸಿಡಿ. ಅಟ್ಟದ ಮೇಲೆ ಜೋಳದ ಚೀಲದ ಪಕ್ಕ ಮಾತ್ರ ಇಡಬೇಡಿ. ನನ್ನ ಆ ಮಖಮಲ್ ಬೆಡ್ ಕೊನೆಗೆ ಹೋದದ್ದು ಮುಳ್ಳಿನಿಂದಲ್ಲ, ಇಲಿಯಿಂದ. ಅದರ ಮೇಲ್ಹೊದಿಕೆಯನ್ನು ಕತ್ತರಿಸಿ ಅಕ್ಕ ಈಗ ಕೌದಿಯೊಂದರ ನಡುವೆ ಸೇರಿಸಿದ್ದಾಳೆ.